ನಲ್ಗೊಂಡದ ನೀರು

ಹಲ್ಲಿನ ಅಚ್ಚು ತೆಗೆಯುವ ಪೇಸ್ಟಿಗೆ ಈಗಲೂ ಅದೇ ಪೆಪ್ಪರ್‌ಮಿಂಟ್ ವಾಸನೆ. ಕಳೆದ ವಾರ ಮೊಮ್ಮಗಳ ಜೊತೆ ಡೆಂಟಿಸ್ಟ್ ಹತ್ತಿರ ಹೋದಾಗ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೈದರಾಬಾದಿನ ನಾರಾಯಣಗೂಡದ ಆ ಹಳೆಯ ಕ್ಲಿನಿಕ್ಕು, ಪಕ್ಕದಲ್ಲಿ ಸೆರಗಿನಿಂದ ಬಾಯಿ ಮುಚ್ಚಿ ಕೂತ ನನ್ನ ಸೋದರತ್ತೆ...

ಎಂಥ ಹೆಂಗಸು! ನಮ್ಮಿಬ್ಬರದೂ ಒಂದೇ ಥರದ ಹಲ್ಲು. ಕಂದು ಹಳದಿ, ಗುಳಿ ಗುಳಿ, ಎನಾಮಲ್ ಅನ್ನುವುದು ಹೆಸರಿಗಷ್ಟೇ. ಅಜ್ಜನಿಂದ ಬಂದ ಆಸ್ತಿ! ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಹಲ್ಲು ಕಂಡು ಎದ್ದು ಹೋಗಿದ್ದರು. ನಮ್ಮ ಮನೆಯಲ್ಲೇ ಉಳಿದಳು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ‘ಬ್ರಶ್ ಪ್ರಾಪರ್ಲಿ, ಚೈಲ್ಡ್’ ಎಂದು ಗದರಿದರೆ, ಮನೆಯಲ್ಲಿ ಇವಳು ಉಪ್ಪು ಇದ್ದಿಲು ಹಿಡಿದು ತಿಕ್ಕುತ್ತಿದ್ದಳು. ಇದ್ದ ಚೂರುಪಾರು ಎನಾಮಲ್ಲೂ ಅದರಲ್ಲೇ ಹೋಯಿತು.

ನನ್ನ ಮದುವೆಯ ಮಾತು ಎದ್ದಾಗ, ಹಲ್ಲಿಗೆ ಕ್ಯಾಪ್ ಹಾಕಿಸಲು ಅವಳೇ ಎಳೆದುಕೊಂಡು ಹೋದಳು. ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿದೆಯೇ ಎಂದು ಡಾಕ್ಟರು ಕೇಳಿದರು.

“ಕಿಸೀಕೋ ನಹೀ ಸಾಬ್! ನಲ್ಗೊಂಡಾ ಕಾ ಪಾನೀ!” ಯಾರಿಗೂ ಇಲ್ಲ, ಎಲ್ಲ ನಲ್ಗೊಂಡದ ನೀರಿನ ಕೆಲಸ ಎಂದು ಸೆರಗಿನೊಳಗಿಂದಲೇ ಅತ್ತೆಯ ಉತ್ತರ.

ಅಲ್ಲಿನ ಫ್ಲೋರೈಡ್ ನೀರು ಹಲ್ಲು ಕೆಡಿಸುತ್ತದೆಂದು ಹೈದರಾಬಾದಿಗೆಲ್ಲ ಗೊತ್ತು, ನಿಜ. ಆದರೆ ನಾವು ಗುಲ್ಬರ್ಗದಿಂದ ಹೈದರಾಬಾದಿಗೆ ಬಂದವರು. ನಲ್ಗೊಂಡದ ಬಸ್ಸನ್ನೂ ಹತ್ತಿದವರಲ್ಲ!

ಹೊರಗೆ ಬಂದು ಜಗಳ ತೆಗೆದೆ. “ಅತ್ತಿ, ಸುಳ್ಳ ಯಾಕ ಹೇಳಿದಿ? ನಿನ್ನ ಹಲ್ಲೂ ತೋರ್ಸು, ಇಬ್ರೂ ಹಾಕಿಸ್ಕೊಳ್ಳೂಣು.”

“ಸುಮ್ನಿರು ಶಾಣ್ಯಾಕಿ! ನೀರಿಂದ ಬಂದೈತಿ ಅಂದ್ರ ಮಂದಿ ಅಯ್ಯೋ ಪಾಪ ಅಂತಾರ. ರಕ್ತದಾಗ ಐತಿ ಅಂದ್ರ ನಿನ್ನ ಯಾಂವ ಮಾಡ್ಕೋತಾನ?”

ನನ್ನ ಕ್ಯಾಪ್ ಆಯಿತು, ಮದುವೆಯೂ ಆಯಿತು. ಇನ್ನಾದರೂ ನೀನು ಹಾಕಿಸಿಕೋ ಎಂದರೆ, “ನಾಳೆ ನಿನಗ ಮಗಳು ಹುಟ್ಟಿದ್ರ? ನನ್ನ ಹಲ್ಲು ಕಂಡ್ರ ರಕ್ತದಾಗ ಐತಿ ಅಂತ ಮಂದಿಗೆ ಗೊತ್ತಾಗೂದಿಲ್ಲೇನು?” ಅಂದಳು. ಟೋಟಲಿ ಇಂಪಾಸಿಬಲ್! ಹಲ್ಲು ಜುಮ್ಮೆನ್ನುತ್ತದೆಂದು ಸಾಯುವವರೆಗೂ ಚಹಾ ಆರಿಸಿಕೊಂಡೇ ಕುಡಿದಳು...

ಮೊಮ್ಮಗಳಿಗೂ ಅದೇ ಹಲ್ಲು ಬಂದಿದೆ. ಈಗಿನ ಡೆಂಟಿಸ್ಟ್ ಹುಡುಗಿಯೂ ಅದೇ ಫ್ಯಾಮಿಲಿ ಹಿಸ್ಟರಿ ಕೇಳಿದಳು. ನನಗೂ ಇತ್ತು, ನನ್ನ ಸೋದರತ್ತೆಗೂ ಇತ್ತು ಎಂದು ಗಟ್ಟಿಯಾಗಿಯೇ ಹೇಳಿದೆ. ಅವರ ಫೋಟೋ ಇದೆಯಾ ಎಂದಳು. ಎಲ್ಲಿಂದ ತರಲಿ? ಇರುವ ಫೋಟೋಗಳಲ್ಲೆಲ್ಲ ಸೆರಗು, ಇಲ್ಲವೇ ಬಿಗಿದ ತುಟಿ. ಸತ್ತ ಮೇಲೂ ಬಾಯಿ ಬಿಡುವುದಿಲ್ಲ!

ಕೆಲಸ ಶುರು ಮಾಡುವ ಮೊದಲು ಮೊಮ್ಮಗಳ ಫೋಟೋ ತೆಗೆದರು. ನಾಚಿಕೆಯೇ ಇಲ್ಲದೆ ಅಷ್ಟೂ ಹಲ್ಲು ಬಿಟ್ಟು ನಕ್ಕಳು ಹುಡುಗಿ. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ, ಸೆರಗು ಜಾರಿದ್ದೂ ಮರೆತು ಅತ್ತೆ ನಗುತ್ತಿದ್ದದ್ದು ಹೀಗೇ...

ಆ ಫೋಟೋ ನನಗೊಂದು ಬೇಕು ಎಂದೆ.

“ಇದಾ? ಛೀ ಅಜ್ಜಿ, ಕ್ಯಾಪ್ ಹಾಕಿದ ಮ್ಯಾಲಿಂದು ಕೊಡ್ತೀನಿ ತಡಿ.”

“ಅದು ನಿನಗಿರ್ಲಿ,” ಎಂದೆ. ಅತ್ತೆ ನಗುತ್ತಿರುವ ಫೋಟೋ ನನ್ನ ಹತ್ತಿರ ಒಂದೂ ಇಲ್ಲ.