ಹೌದ್ರಿ ಅಂದ ತಪ್ಪಿಗೆ

ನನ್ನ ಬಾಯಿಗೆ ‘ಇಲ್ಲ’ ಎಂಬ ಮಾತು ಸಲೀಸಾಗಿ ಬರುವುದಿಲ್ಲ. ಇದು ನನ್ನೊಬ್ಬನ ದೋಷವಲ್ಲ, ನಮ್ಮ ಅಫಜಲಪುರದ ಕಡೆಯವರ ರೂಢಿ. ಎದುರಿನವರು ಏನು ಕೇಳಿದರೂ ಮೊದಲು ‘ಹೌದ್ರಿ’ ಅನ್ನುತ್ತೇವೆ. ಕೇಳಿದ್ದೇನು ಎಂದು ಆಮೇಲೆ ಯೋಚಿಸುತ್ತೇವೆ. ಒಮ್ಮೆ ಬಸ್ಸಿನಲ್ಲಿ ಪಕ್ಕದವರು “ನೀವು ನೆಲೋಗಿಯವರಲ್ಲೇನ್ರಿ?” ಅಂದಾಗ ಹೌದ್ರಿ ಅಂದುಬಿಟ್ಟು, ಜೇವರ್ಗಿ ಬರುವ ತನಕ ನಾನು ಕಂಡೇ ಇರದ ಬಂಧುಬಳಗದ ಕ್ಷೇಮಸಮಾಚಾರ ಹೇಳುತ್ತ ಕುಳಿತಿದ್ದೆ. ಮನುಷ್ಯರ ನಡುವೆ ಇದೆಲ್ಲ ನಡೆದುಹೋಗುತ್ತದೆ. ಕಂಪ್ಯೂಟರಿನ ಮುಂದೆ ಮಾತ್ರ ನಡೆಯುವುದಿಲ್ಲ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ಒಂದು ಲ್ಯಾಪ್‌ಟಾಪ್ ಕೊಂಡೆ. ಮೂರು ತಿಂಗಳ ಹಿಂದೆ ಅದರ ಪರದೆಯ ಮೇಲೆ ಒಂದು ಚೌಕ ಮೂಡಿ ಕೇಳಿತು: ನಿಮ್ಮ ಇಂಟರ್ನೆಟ್ ನಿಧಾನವೇ? ಹೌದ್ರಿ. ವೇಗ ಹೆಚ್ಚಿಸಲೇ? ಹೌದ್ರಿ. ಷರತ್ತುಗಳನ್ನೆಲ್ಲ ಓದಿದ್ದೀರಾ? ಓದಿರಲಿಲ್ಲ, ಆದರೂ ಹೌದ್ರಿ. ನೆಟ್ಟು ನಿಜಕ್ಕೂ ಓಡತೊಡಗಿತು. ವಾರ ಕಳೆದ ಮೇಲೆ ಲ್ಯಾಪ್‌ಟಾಪಿನ ವೈರಸ್ ಕಾವಲುಗಾರನಿಂದ ಕೆಂಪು ಚೌಕವೊಂದು ಬಂತು: ‘ನೆಟ್‌ವರ್ಕ್ ಹ್ಯಾಕ್ ಮಾಡುವ ಸಾಧನ ಪತ್ತೆಯಾಗಿದೆ. ಇರಲು ಬಿಡಬೇಕೇ?’ ಬೆರಳು ತನ್ನ ಪಾಡಿಗೆ ತಾನು ಹೌದು ಒತ್ತಿ ಮುಗಿಸಿತ್ತು.

ಇನ್ನು ನಮ್ಮ ಪಕ್ಕದ ಮನೆಯ ಕಾಶಿಬಾಯಿ ಅಕ್ಕೋರ ಸಂಗತಿ ಹೇಳಬೇಕು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರು. ಎರಡೂ ಮನೆಗೆ ಒಂದೇ ವೈಫೈ, ಅದರ ಡಬ್ಬಿ ನಮ್ಮ ಪಡಸಾಲೆಯಲ್ಲಿದೆ. ಸಂಜೆ ಆರಕ್ಕೆ ಅವರು ಫೋನಿನಲ್ಲಿ ಆಳಂದ, ಭೂಸನೂರ, ಸೊನ್ನದ ಮಕ್ಕಳಿಗೆ ವಚನ ಹಾಡುವುದನ್ನು ಕಲಿಸುತ್ತಾರೆ. ಅದೇ ಆರಕ್ಕೆ ನಾನು ಲ್ಯಾಪ್‌ಟಾಪ್ ತೆರೆಯುತ್ತೇನೆ. ಒಂದು ದಿನ ಅಂಗಳದ ಗಿಡ್ಡ ಗೋಡೆಯಾಚೆ ನಿಂತು ಅಕ್ಕೋರು, “ಸರ್, ನನ್ನ ಫೋನಿಗಿ ವಯಸ್ಸಾತು ಕಾಣ್ತದ್ರಿ. ಹಾಡು ನಡುವೇ ನಿಂತುಬಿಡ್ತದ. ಹನ್ನೊಂದು ಮಕ್ಕಳಿದ್ವು, ಮೂರು ಉಳದಾವ. ಈ ಅಮಾಸಿಗಿ ಕ್ಲಾಸ್ ಬಂದ್ ಮಾಡ್ತೇನಿ. ಈಗಿನವ್ರಿಗಿ ನಮ್ಮ ಹಾಡು ಬ್ಯಾಡಾಗ್ಯದೋ ಏನೋ?” ಅಂದರು.

“ಹೌದ್ರಿ” ಅಂದೆ ನಾನು.

ಅಕ್ಕೋರ ಮುಖ ಸಣ್ಣದಾಯಿತು. ಅವರು ಒಳಗೆ ಹೋದ ಮೇಲೆ ನನ್ನ ಹೆಂಡತಿ ಶಾಂತಾ, “ಆಕಿ ಏನ್ ಕೇಳಿದ್ಳು, ನೀವೇನ್ ಅಂದ್ರಿ? ಬಾಯಿಗಿ ಕೀಲಿ ಹಾಕ್ಕೋರಿ ಸ್ವಲ್ಪ!” ಎಂದು ಝಾಡಿಸಿದಳು. ನಾಚಿಕೆಯಾಯಿತು. ಆ ಸಿಟ್ಟನ್ನೆಲ್ಲ ದಿನಾ ಬಂದು ಕಾಡುತ್ತಿದ್ದ ಕೆಂಪು ಚೌಕದ ಮೇಲೆ ತೀರಿಸಿಕೊಳ್ಳಲು ಹೊರಟೆ. ವೇಗ ಹೆಚ್ಚಿಸಿದ ಆ ಪೀಡೆಯ ಚಿತ್ರವನ್ನು ಎಳೆದು ಕಸದ ಬುಟ್ಟಿಗೆ ಹಾಕಿದೆ. ಮರುದಿನ ಚೌಕ ಮತ್ತೆ ಹಾಜರ್. ತೆಗೆದುಹಾಕುವ ಗುಂಡಿ ಹುಡುಕಿ ಒತ್ತಿದೆ. ಆ ಕಳ್ಳ ಬಲು ವಿನಯದಿಂದ ಕೇಳಿದ: ‘ನಮ್ಮನ್ನು ಉಳಿಸಿಕೊಳ್ಳುವಿರಾ?’ ಹೌದು ಒತ್ತಿದ ಮೇಲೆಯೇ ಓದಿದೆ. ಲ್ಯಾಪ್‌ಟಾಪನ್ನು ಭೀಮಾ ನದಿಗೆ ಎಸೆಯಬೇಕು ಅನ್ನಿಸಿತು.

ಎಸೆಯದೆ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಪರ್ವೀನ್ ಬಳಿಗೆ ಒಯ್ದೆ. ಆಕೆ ಮೊದಲು, “ಸರ್, ನೀವು ಕೈ ಹಿಂದ ಕಟ್ಕೊಂಡು ನಿಂದರ್ರಿ” ಅಂದಳು. ನೆಟ್ ಕಿತ್ತಳು. ಒಳಗಿದ್ದ ತಂತ್ರಾಂಶಗಳ ಪಟ್ಟಿ ತೆಗೆದು ಒಂದರ ಮೇಲೆ ಬೆರಳಿಟ್ಟಳು. “ಇದೇ ನೋಡ್ರಿ. ಲ್ಯಾಪ್‌ಟಾಪ್ ಚಾಲೂ ಆದ ಕೂಡ್ಲೇ ಇದೂ ಏಳ್ತದ. ಅದೇ ವೈಫೈದಾಗ ಇರೋ ಉಳಿದವ್ರ ನೆಟ್ ತಡದು ನಿಮಗೊಬ್ರಿಗೇ ಕೊಡ್ತದ. ನಿಮ್ಮ ವೈಫೈ ಮತ್ತ ಯಾರಾದ್ರೂ ಬಳಸ್ತಾರೇನ್ರಿ?”

ನಡುವೇ ನಿಂತುಬಿಡುವ ಅಕ್ಕೋರ ಹಾಡು ನೆನಪಾಯಿತು. ಪರ್ವೀನ್ ಅದನ್ನು ಬುಡಸಮೇತ ತೆಗೆದು, ತಾನಾಗಿ ಏಳುವವರ ಪಟ್ಟಿಯಿಂದಲೂ ಅಳಿಸಿ, ಇಡೀ ಯಂತ್ರವನ್ನು ಜಾಲಾಡಿ, ವೈಫೈ ಪಾಸ್‌ವರ್ಡ್ ಬದಲಿಸಲು ಹೇಳಿ ಕಳಿಸಿದಳು. ದಾರಿಯುದ್ದಕ್ಕೂ ನನ್ನೊಳಗಿನ ಮಾಸ್ತರ ಸುಮ್ಮನಿರಲಿಲ್ಲ. ಹೌದು ಎಂಬುದು ಹಿಂದೆ ಅಹುದು, ಅದಕ್ಕೂ ಹಿಂದೆ ಅಪ್ಪುದು. ಅಂದರೆ ‘ಆಗುತ್ತದೆ’ ಎಂದರ್ಥ. ಇದನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ. ಹೌದು ಅಂದರೆ ಎಲ್ಲೋ ಏನೋ ಒಂದು ಆಗಿಯೇ ತೀರುತ್ತದೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಅಕ್ಕೋರ ಮುಂದೆ ಹೇಳಲು ದಿಲ್ಲಿಯ ಹ್ಯಾಕರುಗಳ ಮೇಲೆ ಒಂದು ಕಥೆ ಕಟ್ಟಿಕೊಂಡು ಹೋಗಿದ್ದೆ. ಅವರು ಅರ್ಧಕ್ಕೇ ತಡೆದು ನೇರವಾಗಿ ಕೇಳಿದರು: “ಸರ್, ನನ್ನ ಕ್ಲಾಸ್ ಕೆಡಿಸಿದ್ದು ನಿಮ್ಮ ಕಂಪ್ಯೂಟರೇನ್ರಿ?”

ಸಿಕ್ಕಸಿಕ್ಕಲ್ಲಿ ಉದುರುತ್ತಿದ್ದ ಮಾತನ್ನು ಈ ಸಲ ಯೋಚಿಸಿಯೇ ಅಂದೆ, “ಹೌದ್ರಿ.”

ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಕಣ್ಣು ಅರಳಿತು. “ಅಂದ್ರ ಮಕ್ಕಳಿಗಿ ಹಾಡು ಬ್ಯಾಡಾಗಿಲ್ಲ ಅನ್ರಿ!” ಎಂದು ಬಿಟ್ಟುಹೋದ ಎಂಟೂ ಮಕ್ಕಳ ಮನೆಗೆ ಅಲ್ಲೇ ಫೋನು ಹಚ್ಚತೊಡಗಿದರು. ನಡುವೆ ಒಮ್ಮೆ ನನ್ನತ್ತ ತಿರುಗಿ, “ನೀವೂ ಆರಕ್ಕ ಬಂದು ಕೂಡ್ರಿ. ಹಾಡಾಕ ಬರ್ತದಲ್ರಿ?” ಅಂದರು.

ನನಗೆ ಹಾಡಲು ಬರುವುದಿಲ್ಲ. ನಾನು ಏನಂದಿರಬಹುದು ಎಂದು ನಿಮಗೆ ಗೊತ್ತೇ ಇದೆ. ಈಗ ದಿನಾ ಸಂಜೆ ಲ್ಯಾಪ್‌ಟಾಪ್ ಮುಚ್ಚಿಟ್ಟು, ಭೂಸನೂರಿನ ಎಂಟು ವರ್ಷದ ಹುಡುಗಿಯ ಹಿಂದೆ ಹಿಂದೆ ಸ್ವರ ಎಳೆಯುತ್ತಿದ್ದೇನೆ.