ಖಂಡೇಪೂಜೆ ಕೆಲಸವೋ, ಸೇವೆಯೋ?

ಹೋದ ದಸರೆಯಲ್ಲಿ ನಮ್ಮ ಓಣಿಯ ಈರಪ್ಪ ನನಗೆ ಎಡಗೈಯಲ್ಲಿ ಬನ್ನಿ ಕೊಟ್ಟ.

ಸಿಟ್ಟು ಬಂತು. ಬಾರದೆ ಇರುತ್ತದೆಯೇ? ಸೀಗಿ ಹುಣ್ಣಿಮೆ ಹತ್ತಿರ ಬಂದಾಗ ಬನ್ನಿ ಕೊಡಲು ಬಂದದ್ದು ಒಂದು, ಮೇಲೆ ಎಡಗೈ ಬೇರೆ!

"ತಪ್ಪ ತಿಳ್ಕೋಬ್ಯಾಡ್ರಿ" ಎಂದ. ಹೊದ್ದ ವಲ್ಲಿಯ ಒಳಗಿಂದ ಬಲಗೈ ಹೊರತೆಗೆದ. ದವಾಖಾನೆಯ ಪಟ್ಟಿ ಸುತ್ತಿತ್ತು. ಹೆಬ್ಬೆರಳು, ಕಿರುಬೆರಳು ಇದ್ದವು. ನಡುವಿನವು ಇರಲಿಲ್ಲ. ನನ್ನ ಸಿಟ್ಟಿಗೆ ನಾನೇ ನಾಚಿಕೊಂಡೆ.

ಈರಪ್ಪ ಮೂಡಲಗಿಯ ಹೊರಗೆ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಗಾರ. ಯಂತ್ರಕ್ಕೆ ಹತ್ತಿ ಉಣಿಸುವವನು. ಹತ್ತಿ ಉಣಿಸುವಾಗ ಅವನಿಗೆ ಒಂದು ದಿನವೂ ಏನೂ ಆಗಿರಲಿಲ್ಲ. ಆದದ್ದು ಖಂಡೇಪೂಜೆಯ ದಿನ.

ನಮ್ಮ ಕಡೆ ಆ ದಿನ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ರಂಟೆ, ಕುಂಟೆ, ತಕ್ಕಡಿ ಎಲ್ಲಕ್ಕೂ ಪೂಜೆ. ಜಿನ್ನಿಗೂ ಪೂಜೆ. ಯಂತ್ರಗಳ ಮೇಲಿನ ಮುಚ್ಚಳ ಬಿಚ್ಚಿ, ಎಣ್ಣೆ ಜಿಡ್ಡು ಒರೆಸಿ, ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕುತ್ತಾರೆ. ಕಾಯಿ ಒಡೆದ ಮೇಲೆ ಮಾಲೀಕರ ಕಡೆಯಿಂದ ಸನ್ನೆ. ಎಂಜಿನ್ನಿನವನು ಶಾಸ್ತ್ರಕ್ಕೆಂದು ಎಲ್ಲವನ್ನೂ ಒಂದು ಸುತ್ತು ತಿರುಗಿಸುತ್ತಾನೆ. (ಬಿಚ್ಚಿದ ಮುಚ್ಚಳ ತಿರುಗಿ ಹಾಕಬೇಕೆಂಬ ಶಾಸ್ತ್ರ ಮಾತ್ರ ಯಾರಿಗೂ ನೆನಪಾಗುವುದಿಲ್ಲ.)

ಯಂತ್ರ ತಿರುಗಿತು. ಹಾರ ಜಾರಿತು. ದೇವರ ಹಾರ ಯಂತ್ರದ ಹಲ್ಲಿಗೆ ಸಿಕ್ಕು ಹರಿದರೆ ಅಪಶಕುನವಲ್ಲವೇ? ಈರಪ್ಪ ಕೈ ಹಾಕಿದ. ಹಾರ ಉಳಿಯಿತು.

ಕಾರ್ಖಾನೆಯಲ್ಲಿ ಕೆಲಸದ ಮೇಲಿದ್ದಾಗ ಕೈಕಾಲು ಹೋದರೆ ಮಾಲೀಕ ಪರಿಹಾರ ಕೊಡಬೇಕು ಎಂದು ಸರಕಾರ ಆ್ಯಕ್ಟ್ ಮಾಡಿ ಕೆಲವು ವರ್ಷಗಳಾದವು. ಅದಕ್ಕೂ ಮೊದಲು ಕೈ ಹೋದವನು ಹಣೆ ಹಣೆ ಬಡಿದುಕೊಳ್ಳಬೇಕಿತ್ತು (ಉಳಿದ ಕೈಯಿಂದ). ನಾನೇ ಈರಪ್ಪನ ಪರವಾಗಿ ಅರ್ಜಿ ಬರೆದೆ. ಪರಿಹಾರ ಬಂದರೆ ಎರಡು ಎಮ್ಮೆ ಕಟ್ಟಿ ಹೈನು ಮಾರಬೇಕೆಂದು ಅವನ ಹೆಂಡತಿ ನೀಲವ್ವನ ಆಸೆ. ಬಾರದಿದ್ದರೆ? ಗಂಡನ ಬೆರಳು ತಿಂದ ಅದೇ ಜಿನ್ನಿಗೆ ಅವಳು ಕೂಲಿಗೆ ಹೋಗಬೇಕು. ನಮ್ಮ ಊರಲ್ಲಿ ಬೇರೆ ಏನಿದೆ?

ಹೋದ ತಿಂಗಳು ವಿಚಾರಣೆ ಆಯಿತು. ಪರಿಹಾರದ ಅರ್ಜಿ ವಿಚಾರಿಸುವ ಸಾಹೇಬರು ಹುಕ್ಕೇರಿಯಲ್ಲಿ ಮೊಕ್ಕಾಂ ಮಾಡಿದ್ದರು. ಗೋಕಾಕದಲ್ಲಿ ಸರ್ವಿಸ್ ಮೋಟಾರು ಬದಲಿಸಿ ನಾವು ಮೂವರೂ ಹೋದೆವು. ದಾರಿಯುದ್ದಕ್ಕೂ ನಾನು ಈರಪ್ಪನಿಗೆ ಪಾಠ ಹೇಳಿದ್ದೇ ಹೇಳಿದ್ದು. ಸಾಹೇಬರು ಕೇಳಿದರೆ ಏನನ್ನಬೇಕು? ಕೆಲಸದ ಮೇಲಿದ್ದೆ ಅನ್ನಬೇಕು. ಅವನು ಪ್ರತಿ ಸಲವೂ "ಹೂನ್ರಿ" ಅಂದ.

ಮಾಲೀಕರ ಪಕ್ಕದಲ್ಲಿ ಕುಳಿತಿದ್ದ ಅವರ ವಕೀಲರು ಎದ್ದರು. ಅವತ್ತು ರಜೆ ಇತ್ತು, ಯಂತ್ರಕ್ಕೆ ಒಂದು ಎಳೆ ಹತ್ತಿ ಹಾಕಿಲ್ಲ, ಹೂವಿನ ಹಾರ ಎತ್ತುವುದು ಇವನ ಡ್ಯೂಟಿಯಲ್ಲ ಎಂದರು. ಸಾಹೇಬರು ಈರಪ್ಪನ ಕಡೆ ತಿರುಗಿ, ಆ ದಿನ ನೀನು ಕೆಲಸ ಮಾಡುತ್ತಿದ್ದೆಯಾ ಎಂದು ಕೇಳಿದರು.

ಈರಪ್ಪ ನನ್ನ ಮುಖ ನೋಡಿದ. ಆಮೇಲೆ ಕೈಮುಗಿದ. ಆ ಕೈಯಿಂದ ಎಷ್ಟು ಮುಗಿಯಲು ಬರುತ್ತದೋ ಅಷ್ಟು.

"ಇಲ್ರಿ ಸಾಹೇಬ್ರ. ಖಂಡೇಪೂಜಿ ದಿವ್ಸ ಯಾರರ ಕೆಲಸ ಮಾಡ್ತಾರೇನ್ರಿ? ಪಾಪ ಹತ್ತತೈತ್ರಿ. ನಾ ದೇವರ ಸೇವಾ ಮಾಡಾಕತ್ತಿದ್ದೆ."

ಮುಗಿಯಿತಲ್ಲ! ವಕೀಲರು ಮತ್ತೊಂದು ಮಾತು ಆಡದೆ ಕುಳಿತರು. ಆಡುವ ಅಗತ್ಯವೇ ಉಳಿದಿರಲಿಲ್ಲ. ನನಗೆ ಅವನ ಉಳಿದ ಕೈಯನ್ನೂ ತಿರುವಿಬಿಡೋಣ ಅನ್ನಿಸಿತು. ಸುಳ್ಳು ಹೇಳು ಅಂದಿದ್ದೆನೇ? ಇಲ್ಲ. ಮುಂಜಾನೆಯಿಂದ ಯಂತ್ರ ಒರೆಸಿದವನು ಇವನೇ. ಒರೆಸು ಅಂದವನು ಆಳುಗಳ ಮೇಲ್ವಿಚಾರಕ ಮುಕಾದಮ. ಅದು ಕೆಲಸವಲ್ಲದೆ ಮತ್ತೇನು?

ಬಾಗಿಲ ಬಳಿ ನಿಂತಿದ್ದ ನೀಲವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ನೇರ ಮಾಲೀಕರನ್ನೇ ಕೇಳಿದಳು: "ಅದರ ಹಿಂದಿನ ವರ್ಷ ಇವರು ಜ್ವರಾ ಬಂದು ಮಲಗಿದ್ರು, ಪೂಜಾಕ್ಕ ಬರಾಕ ಆಗಲಿಲ್ಲ. ಗೈರ ಉಳದಾನಂತ ಹೊರಗ ನಿಲ್ಲಿಸಿದ್ರೆಲ್ರಿ, ಸಾವಕಾರ? ದೇವರ ಸೇವಾಕ್ಕ ಗೈರ ಹಚ್ಚತಾರೇನ್ರಿ?"

ಬರೆಯುತ್ತಿದ್ದ ಸಾಹೇಬರು ತಲೆ ಎತ್ತಿದರು. ಹೌದೇ ಎಂದು ಮಾಲೀಕರನ್ನು ಕೇಳಿದರು. ಅದು ಶಿಸ್ತಿನ ಪ್ರಶ್ನೆ, ಇದು ಬೇರೆ ಪ್ರಶ್ನೆ ಎಂದರು ಮಾಲೀಕರು. ಸಾಹೇಬರು "ಹೂಂ" ಎಂದು ಬರೆದುಕೊಂಡು, ತೀರ್ಪು ಆಮೇಲೆ ತಿಳಿಸುವುದಾಗಿ ಹೇಳಿ ಮುಂದಿನ ಕೇಸು ಕರೆದರು. ಶಿಸ್ತಂತೆ!

ಹೊರಗೆ ಬಂದ ಮೇಲೆ ಈರಪ್ಪ ಸಿಟ್ಟಾದದ್ದು ಯಾರ ಮೇಲೆ ಗೊತ್ತೇ? ಹೆಂಡತಿಯ ಮೇಲೆ. "ದೇವರ ಮಾತಿನ್ಯಾಗ ಹಾಜರಿ ಮಾತ ಯಾಕ ತಂದಿ?" ಎಂದು ಗದರಿದ.

"ತಂದಾವರು ಅವರು, ನಾ ಅಲ್ಲ" ಎಂದು ಅವಳು ಮೋಟಾರು ಹತ್ತಿ ಕುಳಿತಳು. ಮೂಡಲಗಿ ಬರುವವರೆಗೆ ಗಂಡನ ಕಡೆ ತಿರುಗಲಿಲ್ಲ. ಅವನ ಮೇಲೆ ನನಗೂ ಅಷ್ಟೇ ಸಿಟ್ಟಿತ್ತು. ಆದರೆ ಒಂದು ಮಾತು ಹೇಳಲೇಬೇಕು. ಆ ಕೋಣೆಯಲ್ಲಿ ಪೂಜೆಯನ್ನು ಪೂಜೆ ಎಂದು ನಂಬಿದ್ದವನು ಈರಪ್ಪ ಒಬ್ಬನೇ. ಅವನ ಆ ನಂಬಿಕೆಯನ್ನೇ ಅವನ ಪರಿಹಾರಕ್ಕೆ ಅಡ್ಡ ಹಾಕಿದರಲ್ಲ!

ತೀರ್ಪು ಇನ್ನೂ ಬಂದಿಲ್ಲ. ಹೊಟ್ಟೆ ತೀರ್ಪಿಗೆ ಕಾಯುವುದಿಲ್ಲ. ನೀಲವ್ವ ಜಿನ್ನಿಗೆ ಹೋಗತೊಡಗಿದ್ದಾಳೆ. ಸುಗ್ಗಿಗೆ ಮೊದಲು ಗೋದಾಮು ಸ್ವಚ್ಛ ಮಾಡಲು ಹೆಂಗಸರು ಬೇಕು, ಆದ್ದರಿಂದ "ಬಾಯಿ ಮಾಡಬ್ಯಾಡ" ಎಂದು ಗದರಿಸಿಯೇ ಮುಕಾದಮ ಸೇರಿಸಿಕೊಂಡ.

ನವರಾತ್ರಿ ಮತ್ತೆ ಬಂತು. ನಿನ್ನೆ ನೀಲವ್ವ ನಮ್ಮ ಕಟ್ಟೆಗೆ ಬಂದಿದ್ದಳು. "ಖಂಡೇಪೂಜಿಗಿ ಮುಂಜಾನಿ ಮಷೀನ ಒರಸಾಕ ಬಾ ಅಂದಾನ್ರಿ ಮುಕಾದಮ. ಬರದಿದ್ರ ಮರದಿನಾ ಬರಬ್ಯಾಡ ಅಂದಾನ. ಹೋಗಲೇನ್ರಿ?" ಎಂದು ಕೇಳಿದಳು.

ಅವಳ ಪ್ರಶ್ನೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾಲೀಕರೇ, ನೀವು ಈ ಪತ್ರಿಕೆ ಓದುತ್ತೀರಿ, ನನಗೆ ಗೊತ್ತು. ಮುಚ್ಚಳ ಬಿಚ್ಚುವ ಮೊದಲೇ ಹೇಳಿಬಿಡಿ: ನೀಲವ್ವ ಬರಬೇಕಾದ್ದು ಕೆಲಸಕ್ಕೋ, ಸೇವೆಗೋ?