ಗಾಳಿಯ ದಿಕ್ಕು ನೋಡಿ ನಿಂತವರು

ಮನೆಯಲ್ಲಿ ಗ್ಯಾಸ್ ಲೈಟರ್ ಕೆಟ್ಟರೆ ಎದುರು ಅಂಗಡಿಗೆ ಓಡುವ ಜನ, ಭಾನುವಾರ ಬೆಳಿಗ್ಗೆ ಕೆ.ಆರ್. ಪುರದಾಚೆಯ ಹೊಂಗೆ ತೋಪಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲಿಗೆ ಕಬ್ಬಿಣ ಬಡಿದು ಬೆಂಕಿ ಹುಟ್ಟಿಸುತ್ತಾರೆ ಎಂದು ಮಗಳು ಹೇಳಿದಾಗ ಮುನಿರಾಜಪ್ಪನವರಿಗೆ ನಗು ತಡೆಯಲಾಗಲಿಲ್ಲ.

"ಹುಟ್ಟುತ್ತೇನಮ್ಮ ಬೆಂಕಿ?" ಎಂದು ಕೇಳಿದರು.

"ಒಂದೊಂದ್ ಸಲ," ಅಂದಳು ರಮ್ಯಶ್ರೀ. "ನೀನೂ ಬಾಪ್ಪ, ನೋಡುವಂತೆ."

ಮುನಿರಾಜಪ್ಪ ಮರ್ಫಿ ಟೌನಿನವರು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಮನೆಯ ಹಜಾರದಲ್ಲಿ ಬುದ್ಧನ ವಿಗ್ರಹ, ಅದರ ಮೇಲೆ ಬಾಬಾಸಾಹೇಬರ ಫೋಟೊ. ಪ್ರತಿ ಏಪ್ರಿಲ್‌ನಲ್ಲಿ ಬೀದಿಯ ಕೊನೆಯಲ್ಲಿ ಶಾಮಿಯಾನ ಹಾಕಿದಾಗ ಮೈಕ್ ಹಿಡಿದು ಮಾತಾಡುವವರು ಇವರೇ. ಹುಟ್ಟಿಗೆ ನಾಚಬೇಡಿ, ತಲೆ ಎತ್ತಿ ನಡೆಯಿರಿ ಎಂದು ಇವರು ಗುಡುಗಿದರೆ ಮುಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಉಳಿದ ಹನ್ನೊಂದು ತಿಂಗಳು ಈ ದೊಡ್ಡ ಭಾಷಣಕಾರರಿಗೆ ಕೆಲಸವಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಾರಿಗೆ ಹುಳಿ ಎಷ್ಟು ಹಾಕಬೇಕೆಂದು ಹೆಂಡತಿಗೆ ಹೇಳಿಕೊಡುತ್ತಿದ್ದರು. ಆಕೆ ಬೇಸತ್ತು ಮಗಳಿಗೆ, "ಕರ್ಕೊಂಡ್ ಹೋಗೇ ಇವರನ್ನ, ನಿಂಗೆ ಪುಣ್ಯ ಬರುತ್ತೆ," ಅಂದಮೇಲೆ ಹೊರಟರು.

ಆ ಗುಂಪಿಗೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಆನಂದ್ ಶುರುಮಾಡಿದ್ದು. ಶಿವಾಜಿನಗರದಿಂದ ಅಫ್ತಾಬ್ ಬೈಕಿನಲ್ಲಿ ಬರುತ್ತಿದ್ದ, ಇಂದಿರಾನಗರದಿಂದ ಒಂದಿಷ್ಟು ಕಂಪ್ಯೂಟರ್ ಮಂದಿ ಕಾರಿನಲ್ಲಿ ಬರುತ್ತಿದ್ದರು. ಯಾರಿಗೋ ಕವಣೆ ಬೀಸುವುದು ಗೊತ್ತಿತ್ತು, ಯಾರಿಗೋ ಬುಟ್ಟಿ ಹೆಣೆಯುವುದು, ಮುತ್ತುಗದ ಎಲೆ ಹಚ್ಚುವುದು. ಗೊತ್ತಿದ್ದವರು ಹೇಳಿಕೊಡುವುದು, ಗೊತ್ತಿಲ್ಲದವರು ಕೈ ಸುಟ್ಟುಕೊಳ್ಳುವುದು. ಇದ್ದದ್ದು ಒಂದೇ ಕಟ್ಟಳೆ: ಯಾವ ಕೆಲಸಕ್ಕೆ ಕೈ ಹಾಕಿದರೂ ಅದನ್ನು ಕಲಿಸಿದವರ ಹೆಸರು ಹೇಳಬೇಕು. ಅಜ್ಜಿಯ ಹೆಸರು ಹೇಳುವವರಿದ್ದರು, ಊರಿನ ಕುರಿ ಕಾಯುವವನ ಹೆಸರು ಹೇಳುವವರಿದ್ದರು. ಆನಂದ್ ಮಾತ್ರ ಪ್ರತಿ ಸಲವೂ "ಶ್ರೀ ಯೂಟ್ಯೂಬ್ ಮಹಾಸ್ವಾಮಿಗಳು" ಎಂದು ಕೈಮುಗಿಯುತ್ತಿದ್ದರು. ಹಳೆಯ ಜೋಕು, ಆದರೂ ಎಲ್ಲರೂ ನಗುತ್ತಿದ್ದರು.

ಮೊದಲ ಭಾನುವಾರ ತೋಪಿಗೆ ಕಾಲಿಟ್ಟಾಗಲೇ ಮುನಿರಾಜಪ್ಪ ಥಟ್ಟನೆ ಮಗಳ ಹಿಂದಕ್ಕೆ ಸರಿದರು. ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ತೋಪಿನ ಯಜಮಾನ ಅವರಿಗೆ ಗುರುತಿನವನೇ. ಕೆಂಪರಾಜ್. ಮುನಿರಾಜಪ್ಪ ಹುಟ್ಟಿದ ಊರು ಅಲ್ಲಿಂದ ಕೂಗಳತೆಯಲ್ಲಿತ್ತು, ಕೆಂಪರಾಜ್ ಆ ಊರಿನ ಮೇಲುಬೀದಿಯ ದೊಡ್ಡ ಮನೆಯ ಹುಡುಗ. ಆಗ ಅವರ ಹೊಲದಲ್ಲಿ ರಾಗಿ ಬೆಳೆಯುತ್ತಿತ್ತು, ಈಗ ಅದೇ ಹೊಲದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ. ಮುನಿರಾಜಪ್ಪ ಅದೇ ಊರಿನ ಕೇರಿಯ ಹುಡುಗ. ಅವರಿಗೆ ಗುರುತು ಹತ್ತಿತು, ಕೆಂಪರಾಜ್‌ಗೆ ಹತ್ತಲಿಲ್ಲ. ಹತ್ತದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡರು ಮುನಿರಾಜಪ್ಪ.

ಅವತ್ತು ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆಯುತ್ತಿದ್ದರು. ಒಬ್ಬೊಬ್ಬರ ಹಗ್ಗವೂ ಬಿಟ್ಟ ಜಡೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಮುನಿರಾಜಪ್ಪ ಪಂಚೆ ಮೇಲೆತ್ತಿ ಕಟ್ಟಿ, ನಾರನ್ನು ತೊಡೆಯ ಮೇಲೆ ಉರುಳಿಸಿ, ನೋಡುನೋಡುತ್ತಿದ್ದಂತೆ ಮೊಳದುದ್ದ ಹೊಸೆದರು. ಮಗಳ ಮುಖ ಅರಳಿತು.

"ಯಾರ್ ಅಂಕಲ್ ಕಲ್ಸಿದ್ದು?" ಆನಂದ್ ಕೇಳಿದರು.

"ನಮ್ಮಪ್ಪ. ಸಂಜೀವಪ್ಪ ಅಂತ."

ಚಪ್ಪಾಳೆ ಬಿತ್ತು. ಕುರ್ಚಿಯಿಂದ ಕೆಂಪರಾಜ್ ಕೇಳಿದರು: "ಯಾವೂರಾಯ್ತು ತಮ್ದು?"

"ಇಲ್ಲೇ ಸಾರ್, ಮರ್ಫಿ ಟೌನ್."

ಅಪ್ಪ ಜನ್ಮದಲ್ಲಿ ನಾರಿನ ಹಗ್ಗ ಹೊಸೆದವನಲ್ಲ. ಮುನಿರಾಜಪ್ಪನವರಿಗೆ ಅದನ್ನು ಕಲಿಸಿದ್ದು ಸಂತೆಯಲ್ಲಿ ಹಗ್ಗ ಮಾರುತ್ತಿದ್ದ ಖಾದರ್. ಸಂಜೀವಪ್ಪ ತೊಗಲಿನ ಕೆಲಸದವನು. ಸತ್ತ ದನದ ಚರ್ಮ ಸುಲಿದು, ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು, ತಂಗಡಿ ಗಿಡದ ತೊಗಟೆ ಕೊಳೆಸಿದ ನೀರಲ್ಲಿ ಹದ ಮಾಡುತ್ತಿದ್ದ. ಅದರಿಂದ ಎತ್ತಿನ ಗಾಡಿಗೆ ತೊಗಲಿನ ಹಗ್ಗ, ಮಿಣಿ ಕೊಯ್ಯುತ್ತಿದ್ದ, ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲಿನ ದೊಡ್ಡ ಚೀಲ, ಬಾನಿ ಹೊಲಿಯುತ್ತಿದ್ದ. ಮೇಲುಬೀದಿಯ ತೋಟಗಳೆಲ್ಲ ಅವನು ಹೊಲಿದ ಬಾನಿಯ ನೀರು ಕುಡಿದೇ ಹಸಿರಾಗಿದ್ದವು. ಆದರೆ ಹೊಲಿದ ಬಾನಿಯನ್ನು ಹಿತ್ತಿಲ ಗೋಡೆಯ ಆಚೆ ಇಟ್ಟು, ಒಂದು ಕೂಗು ಹಾಕಿ, ದೂರ ಸರಿದು ನಿಲ್ಲಬೇಕಿತ್ತು.

ಸಣ್ಣವನಿದ್ದಾಗ ಮುನಿರಾಜಪ್ಪನೂ ಆ ಕೆಲಸಕ್ಕೆ ಕೈಹಚ್ಚಿದವರೇ. ಸ್ಕೂಲಿನಲ್ಲಿ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡ ದಿನ ಮನೆಗೆ ಬಂದು ಕೂದಲು ಕೆರೆಯುವ ಅಲಗು ಎಸೆದು, ಇನ್ನು ಮುಟ್ಟುವುದಿಲ್ಲ ಅಂದರು. ಅಪ್ಪ ಬೈಯಲಿಲ್ಲ. "ಮುಟ್ಬೇಡ ಬಿಡು ಮಗಾ, ಓದ್ಕೋ," ಅಂದ. ಆಮೇಲೆ ಮಧ್ಯಾಹ್ನದ ಬುತ್ತಿ ತಂದುಕೊಡಲು ಸ್ಕೂಲಿನ ಹತ್ತಿರ ಬಂದಾಗಲೆಲ್ಲ ಅಪ್ಪ ಗೇಟಿಗೆ ಬರುತ್ತಿರಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ತನ್ನ ಮೈವಾಸನೆ ಮಗನ ಕಡೆ ಹೋಗದ ಹಾಗೆ ದೂರದ ಹುಣಸೆಮರದ ಪಕ್ಕ ನಿಲ್ಲುತ್ತಿದ್ದ. ಮಗನೇ ಹೋಗಿ ಬುತ್ತಿ ಇಸಿದುಕೊಂಡು ಬರಬೇಕಿತ್ತು. ಮಗ ಓಡಿಹೋಗಿ, ಅಪ್ಪನ ಮುಖ ನೋಡದೆ, ಓಡಿಬರುತ್ತಿದ್ದ.

ರಮ್ಯಶ್ರೀಗೆ ಇದ್ಯಾವುದೂ ಗೊತ್ತಿರಲಿಲ್ಲ. ತಾತ ಬೇಸಾಯ ಮಾಡುತ್ತಿದ್ದರು ಎಂದು ಮುನಿರಾಜಪ್ಪ ಅವಳಿಗೆ ಹೇಳಿದ್ದರು. ಮಗಳ ಒಳ್ಳೆಯದಕ್ಕೇ ಹೇಳಿದ್ದು ಎಂದು ತಮಗೂ ಹೇಳಿಕೊಂಡಿದ್ದರು.

ಹಗ್ಗದ ಭಾನುವಾರದ ನಂತರ ತೋಪಿನಲ್ಲಿ ಅವರಿಗೆ ಎಲ್ಲಿಲ್ಲದ ಮರ್ಯಾದೆ. 'ಅಂಕಲ್ ಬಂದ್ರು' ಎಂದು ಜಾಗ ಬಿಡುತ್ತಿದ್ದರು. ಕೆಂಪರಾಜ್ ಕೂಡ ಒಂದು ದಿನ ತಮ್ಮ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ, "ಕೂತ್ಕೊಳ್ಳಿ ಸಂಜೀವಪ್ಪನೋರ ಮಗ," ಎಂದು ಕರೆದರು. ಮೇಲುಬೀದಿಯವರ ಪಕ್ಕ ಕುರ್ಚಿ! ಮುನಿರಾಜಪ್ಪ ಕೂತರು. ಬೆನ್ನು ಮಾತ್ರ ಕುರ್ಚಿಗೆ ಒರಗಲಿಲ್ಲ.

ಈ ನಡುವೆ ರಮ್ಯಶ್ರೀ ಊರಿಗೆ ಹೋಗಿ ಸೋದರತ್ತೆ ವೆಂಕಟಮ್ಮನನ್ನು ನೋಡಿಕೊಂಡು ಬಂದಳು. ಬಂದವಳು ಎರಡು ದಿನ ಅಷ್ಟಾಗಿ ಮಾತಾಡಲಿಲ್ಲ. ಬಿಸಿಲಿಗೆ ತಲೆನೋವು ಬಂದಿರಬೇಕು ಅಂದುಕೊಂಡರು ಮುನಿರಾಜಪ್ಪ.

ಮುಂದಿನದಕ್ಕೆ ಮುಂದಿನ ಭಾನುವಾರ ತೋಪಿನ ದಾರಿಯಲ್ಲಿ ನಡೆಯುವಾಗಲೇ ಮೂಗಿಗೆ ಆ ವಾಸನೆ ಬಡಿಯಿತು. ಐವತ್ತು ವರ್ಷವಾಗಿದ್ದರೂ ಮೂಗು ಮರೆತಿರಲಿಲ್ಲ. ಇಳಿಜಾರಾಗಿ ನಿಲ್ಲಿಸಿದ ನುಣುಪು ದಿಮ್ಮಿಯ ಮೇಲೆ ಸುಣ್ಣದ ನೀರಿನಿಂದ ಆಗತಾನೇ ತೆಗೆದ ಮೇಕೆ ಚರ್ಮ ಹಾಸಿತ್ತು. ಪಕ್ಕದ ಬಕೆಟ್ಟಿನಲ್ಲಿ ತಂಗಡಿ ತೊಗಟೆ.

"ನಾನೇ ತಂದಿದ್ದು ಅಂಕಲ್, ನಮ್ ಮಾಮು ಅಂಗಡಿಯಿಂದ," ಅಂದ ಅಫ್ತಾಬ್. "ಇವತ್ತು ಚರ್ಮ ಹದ ಮಾಡೋದು."

ಮುನಿರಾಜಪ್ಪ ಹಿಂದೆ ಸರಿದು ಮರಕ್ಕೆ ಒರಗಿ ನಿಂತರು. ಮಗಳು ಯಾಕೋ ಪದೇಪದೇ ತಮ್ಮ ಕಡೆ ನೋಡುತ್ತಿದ್ದಾಳೆ ಅನ್ನಿಸಿತು. ಆನಂದ್ ತಮ್ಮ ಯೂಟ್ಯೂಬ್ ಮಹಾಸ್ವಾಮಿಗಳಿಗೆ ಕೈಮುಗಿದು ಒಂದಿಷ್ಟು ಕೆರೆದರು. ಅಫ್ತಾಬ್ ಮಾಮುವಿನ ಹೆಸರು ಹೇಳಿ ಕೆರೆದ. ಆಮೇಲೆ ರಮ್ಯಶ್ರೀ ಎದ್ದಳು. ಯಾರ ಹೆಸರನ್ನೂ ಹೇಳದೆ ಎರಡು ಹಿಡಿಯ ಬಾಗಿದ ಅಲಗನ್ನು ತೆಗೆದುಕೊಂಡಳು. ಒದ್ದೆ ಚರ್ಮ ಜಾರಿತು, ಅಲಗು ಹೊರಳಿ ಅವಳ ಹೆಬ್ಬೆರಳಿನ ಹತ್ತಿರ ಬಂತು.

"ಹಂಗಲ್ಲ, ಬಿಡು!" ಮುನಿರಾಜಪ್ಪ ಕೂಗಿದ್ದು ಅವರಿಗೇ ಗೊತ್ತಾಗಲಿಲ್ಲ. ಹೋಗಿ ಅಲಗು ಕಸಿದುಕೊಂಡರು. ಚರ್ಮದ ಮೇಲಂಚನ್ನು ಹೊಟ್ಟೆಯಿಂದ ದಿಮ್ಮಿಗೆ ಅದುಮಿ ಹಿಡಿದು, ಬಾಗಿ, ಅಲಗನ್ನು ಕೆಳಮುಖವಾಗಿ ದೂಡಿದರು. ಕೂದಲು ಸುರುಳಿಯಾಗಿ ಬಿತ್ತು. ಇನ್ನೊಮ್ಮೆ ದೂಡಿದರು. ಹೊಟ್ಟೆಯಿಂದ ಅದುಮಿ ಹಿಡಿಯುವ ಆ ಭಂಗಿ ಅವರದಲ್ಲ, ಅಪ್ಪನದು. ಅದು ಹೊಳೆದದ್ದೇ ತಡ, ಅಲಗು ನಿಲ್ಲಿಸಿದರು. ಅಂಗಿಯ ಹೊಟ್ಟೆಭಾಗ ಒದ್ದೆಯಾಗಿತ್ತು.

ಆನಂದ್ ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದರು: "ಯಾರ್ ಕಲ್ಸಿದ್ದು ಅಂಕಲ್?"

ಕುರ್ಚಿಯಲ್ಲಿ ಕೆಂಪರಾಜ್ ಮುಂದಕ್ಕೆ ಬಾಗಿದ್ದರು. ಅವರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇತ್ತು. ಮಗಳು ಕೈಯನ್ನು ಚೂಡಿದಾರಕ್ಕೆ ಒರೆಸುವುದನ್ನೂ ಮರೆತು ನಿಂತಿದ್ದಳು.

"ಯಾರೂ ಕಲಿಸ್ಲಿಲ್ಲಪ್ಪ," ಅಂದರು ಮುನಿರಾಜಪ್ಪ. "ಫ್ಯಾಕ್ಟ್ರಿನಲ್ಲಿ ಶೀಟ್‌ಗೆ ಅರ ಹಾಕ್ತಿದ್ವಲ್ಲ, ಅದೇ ಕೈ. ಬೇರೇನಿಲ್ಲ."

ಖಾದರನ ವಿದ್ಯೆಯನ್ನು ಅಪ್ಪನ ಹೆಸರಿಗೆ ಬರೆದಿದ್ದರು, ಈಗ ಅಪ್ಪನ ವಿದ್ಯೆಯನ್ನು ಕಾರ್ಖಾನೆಯ ಹೆಸರಿಗೆ ಬರೆದರು. ಏಪ್ರಿಲ್‌ನಲ್ಲಿ ಗುಡುಗುವ ಗಂಟಲು ಇದೇನಾ ಎಂದು ಅವರಿಗೇ ಹೇಸಿಗೆಯಾಯಿತು.

ರಮ್ಯಶ್ರೀ ಮುಂದೆ ಬಂದು ಅಪ್ಪನ ಕೈಯಿಂದ ಅಲಗು ತೆಗೆದುಕೊಂಡಳು. "ನಮ್ಮ ತಾತ ಸಂಜೀವಪ್ಪ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಇದೇ ಕೆಲಸ ಮಾಡ್ತಿದ್ರು, ಇದೇ ಊರಲ್ಲಿ. ನಾನು ಅವರ ಹತ್ರ ಕಲೀಲಿಲ್ಲ. ಹೆಸ್ರು ಹೇಳ್ಬೇಕನ್ನಿಸ್ತು."

ಹೇಳಿ, ಅಪ್ಪ ತೋರಿಸಿದ ಹಾಗೆಯೇ ಹೊಟ್ಟೆಯಿಂದ ಚರ್ಮ ಅದುಮಿ ಹಿಡಿದು ಕೆರೆಯತೊಡಗಿದಳು. ಯಾರೂ ಮುನಿರಾಜಪ್ಪನವರ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿ ಇತ್ತು. ಕೆಂಪರಾಜ್ ಕೆಮ್ಮಿ, ಯಾರಿಗೆಂದು ಹೇಳದೆ, "ಒಳ್ಳೆ ಬಾನಿ ಹೊಲೀತಿದ್ದ ಮನುಷ್ಯ," ಅಂದರು. ಮುನಿರಾಜಪ್ಪ ಹೋಗಿ ಚಪ್ಪಲಿ ಮೆಟ್ಟಿಕೊಂಡರು, ರಸ್ತೆಯವರೆಗೂ ತಲೆ ಎತ್ತಲಿಲ್ಲ.

ಅವಳು ಕೆಲಸ ಮುಗಿಸಿ ಬಸ್ ಸ್ಟಾಪಿಗೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ಸ್ಟಾಪಿನಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡ ಒಬ್ಬ ಹೆಂಗಸು ಬಿಟ್ಟರೆ ಯಾರಿರಲಿಲ್ಲ. ಮುನಿರಾಜಪ್ಪ ಮಗಳ ಮೇಲೆ ರೇಗಿದರು. ನಾಚಿಕೆಗೆ ಬೇರೆ ದಾರಿ ಗೊತ್ತಿರಲಿಲ್ಲ.

"ಆ ಕೇರಿಯಿಂದ ಆಚೆ ಬರೋಕೆ ನಾವ್ ಎಷ್ಟ್ ಒದ್ದಾಡಿದ್ದೀವಿ ಗೊತ್ತೇನೇ ನಿಂಗೆ? ಅಷ್ಟ್ ಜನದ್ ಮುಂದೆ ಮಾನ ಕಳದ್ಬಿಟ್ಟೆ."

"ಅವರಿಗೆಲ್ಲ ಗೊತ್ತಿತ್ತಪ್ಪ."

"ಏನು?"

"ಹಗ್ಗದ್ ವಿಷ್ಯ ಕೇಳಣಾಂತ ಅತ್ತೆ ಹತ್ರ ಹೋಗಿದ್ದೆ. ತಾತನ ಕೆಲಸ ಅವರೇ ಹೇಳಿದ್ರು. ತೊಗಟೆ ಕೊಟ್ಟಿದ್ದೂ ಅವರೇ. ಹೋದ್ ಭಾನುವಾರ ನೀನ್ ಬಸ್ ಹಿಡಿಯೋಕೆ ಮುಂದೆ ಹೋದ್ಯಲ್ಲ, ಆಗ ಎಲ್ಲರಿಗೂ ಹೇಳ್ದೆ. ಕೆಂಪರಾಜ್ ಅಂಕಲ್‌ಗೂ. ಕೈಗೆ ಸಿಕ್ರೆ ನೀನೇ ಹೇಳ್ತೀಯಾಂತ ಚರ್ಮ ತರಿಸಿದ್ದು." ಅವಳ ದನಿ ಸಣ್ಣಗಾಯಿತು. "ಮೊದ್ಲೇ ನಿನ್ನನ್ನ ಕೇಳ್ಬೇಕಿತ್ತು. ತಪ್ಪಾಯ್ತಪ್ಪ."

ಮುನಿರಾಜಪ್ಪ ತಲೆ ತಗ್ಗಿಸಿ ನೆಲ ನೋಡಿದರು. ಗೊತ್ತಿದ್ದವರ ಮುಂದೆ ಸುಳ್ಳು ಹೇಳಿದ್ದರು. ಅವರೆಲ್ಲ ಒಂದು ಹೆಸರಿಗಾಗಿ ಕಾಯುತ್ತಾ ನಿಂತಿದ್ದಾಗ, ಆ ಹೆಸರನ್ನು ನುಂಗಿದ್ದರು. ಕೆಂಪರಾಜ್ ಇವತ್ತು ತಮ್ಮ ಪಕ್ಕ ಖಾಲಿ ಕುರ್ಚಿ ಹಾಕಿಸಿದ್ದು ಕೂಡ ಗೊತ್ತಿದ್ದೇ.

ತಲೆ ಎತ್ತಿದಾಗ ರಮ್ಯಶ್ರೀ ಪಕ್ಕದಲ್ಲಿರಲಿಲ್ಲ. ಲಾರಿಯೊಂದು ಧೂಳೆಬ್ಬಿಸಿ ಹೋಗಿತ್ತು. ಆ ಧೂಳು ಗಾಳಿಗೆ ತೇಲಿಹೋದ ಕಡೆ ನೋಡಿ, ಅವಳು ಸರಿದು ಸ್ಟಾಪಿನ ಆಚೆ ತುದಿಗೆ ಹೋಗಿ ನಿಂತಿದ್ದಳು.

"ಯಾಕಮ್ಮ ಅಲ್ಲಿ?"

"ಬಟ್ಟೆ ಎಲ್ಲ ವಾಸನೆ ಆಗಿದೆಯಪ್ಪ. ಈ ಕಡೆ ನಿಂತ್ರೆ ನಿನಗೆ ಬರಲ್ಲ."

ಮುನಿರಾಜಪ್ಪ ನಿಂತಲ್ಲೇ ನಿಂತರು. ಹುಣಸೆಮರ, ಬುತ್ತಿ, ತಾವು ನೋಡದೆ ಬಿಟ್ಟ ಅಪ್ಪನ ಮುಖ ಎಲ್ಲ ಒಮ್ಮೆಗೇ ಬಂದು ಕಣ್ಣ ಮುಂದೆ ನಿಂತವು. ಅಪ್ಪ ಹಾಗೆ ನಿಲ್ಲುತ್ತಿದ್ದುದನ್ನು ಅವರು ಈ ಮಗಳಿಗೆ ಎಂದೂ ಹೇಳಿರಲಿಲ್ಲ. ಸರಸರನೆ ನಡೆದು ಅವಳ ಪಕ್ಕಕ್ಕೇ ಹೋಗಿ, ಸುಣ್ಣಕ್ಕೆ ಸುಕ್ಕುಗಟ್ಟಿದ್ದ ಅವಳ ಕೈಯನ್ನು ಹಿಡಿದುಕೊಂಡರು.

"ಸಂಜೀವಪ್ಪ," ಅಂದರು. "ನಮ್ಮಪ್ಪ ಸಂಜೀವಪ್ಪ ಕಲ್ಸಿದ್ದು ನಂಗೆ."

ಸೊಪ್ಪಿನ ಹೆಂಗಸು ಒಮ್ಮೆ ತಿರುಗಿ ನೋಡಿ, ಮತ್ತೆ ರಸ್ತೆಯ ಕಡೆ ಮುಖ ಮಾಡಿದಳು. ರಮ್ಯಶ್ರೀ ಕೈ ಬಿಡಿಸಿಕೊಳ್ಳಲಿಲ್ಲ.

"ಅಲ್ಲಿ ಹೇಳ್ಬೇಕಿತ್ತಪ್ಪ," ಅಂದಳು.

ಬಸ್ಸು ಬಂತು. ಇಬ್ಬರೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು.